ಪಟ್ಟಿಯಲ್ಲಿಲ್ಲದವಳು

ಇಲಾಖೆ ನನ್ನ ಕೈಗೆ ಕೊಟ್ಟಿದ್ದ ದಪ್ಪ ರಿಜಿಸ್ಟರಿನಲ್ಲಿ ವಿಧವೆಯರಿರಲಿಲ್ಲ. ಅರ್ಹ ದಂಪತಿಗಳ ರಿಜಿಸ್ಟರ್ ಎಂದು ಅದರ ಹೆಸರು. ಗಂಡ ಬದುಕಿರಬೇಕು, ಹೆಂಡತಿಗೆ ಇನ್ನೂ ಮಕ್ಕಳಾಗುವ ವಯಸ್ಸಿರಬೇಕು, ಆಗ ಮಾತ್ರ ಅವಳು ಅರ್ಹಳು. ವಯಸ್ಸು ದಾಟಿದವಳ ಹೆಸರಿನ ಮೇಲೆ ಕೆಂಪು ಗೆರೆ. ಗಂಡ ಸತ್ತವಳ ಮೇಲೂ ಕೆಂಪು ಗೆರೆ. ವರ್ಷಕ್ಕೊಮ್ಮೆ ಬೇಸಿಗೆಯ ಬಿಸಿಲಿನಲ್ಲಿ ಮನೆಮನೆ ಸುತ್ತಿ ಬಂದು, ಸ್ಕೇಲು ಇಟ್ಟು ನೀಟಾಗಿ ಆ ಗೆರೆ ಎಳೆಯುತ್ತಿದ್ದವಳು ನಾನೇ. ಇಡೀ ತಾಲ್ಲೂಕಿಗೇ ನನ್ನ ರಿಜಿಸ್ಟರು ಚೊಕ್ಕ ಎಂದು ಮೇಲಿನವರು ಮೀಟಿಂಗಿನಲ್ಲಿ ಎತ್ತಿ ತೋರಿಸಿ ಹೊಗಳಿದ್ದರು. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಆರೋಗ್ಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿದ್ದು. ನಂಜನಗೂಡಿನಿಂದ ಟಿ. ನರಸೀಪುರದ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ನಮ್ಮ ಉಪಕೇಂದ್ರ. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಕರೆಂಟು ಬಂದರೆ ಬಂತು. ಊರಿನ ಹೆಂಗಸರು ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು, ಆದರೆ ನಾನು ಬೀದಿಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರದ್ದೇನೂ ತಪ್ಪಿರಲಿಲ್ಲ. ಆಗ ನಮ್ಮ ತಲೆಯ ಮೇಲೆ ಸಂತಾನಹರಣ ಚಿಕಿತ್ಸೆಯ ಟಾರ್ಗೆಟ್ ಕೂತಿತ್ತು. ಎರಡು ಮಕ್ಕಳಾದವಳನ್ನು ಕಂಡರೆ ಸಾಕು, ಹಿಂದೆ ಬಿದ್ದು, ಅತ್ತೆಯನ್ನು ಒಪ್ಪಿಸಿ, ಗಂಡನನ್ನು ಒಪ್ಪಿಸಿ, ವ್ಯಾನಿಗೆ ಹತ್ತಿಸಿ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಿದ್ದೆವು. ಹೀಗಾಗಿ ಆ ಸೀಮೆಯಲ್ಲಿ ಕ್ಯಾಂಪ್ ಎಂದರೆ ಒಂದೇ ಅರ್ಥ, ಆಪರೇಷನ್. ಕ್ಯಾಂಪಿಗೆ ಹೋಗಿಬಂದವಳು ಎಂದರೆ ಇನ್ನು ಮಕ್ಕಳಾಗದವಳು.

ಆ ದಶಕದ ಕೊನೆಯಲ್ಲಿ ಒಂದು ದಿನ ಮೇಲಿನಿಂದ ಹೊಸ ಕಾಗದ ಬಂತು. ಮೈಸೂರಿನಿಂದ ಡಾಕ್ಟರುಗಳು ನಂಜನಗೂಡಿನ ಒಂದು ಕಲ್ಯಾಣ ಮಂಟಪಕ್ಕೆ ಬರುತ್ತಾರೆ, ಹೆಂಗಸರ ಸ್ತನ ಪರೀಕ್ಷೆ ಮಾಡುತ್ತಾರೆ, ಪ್ರತಿ ಉಪಕೇಂದ್ರದಿಂದ ಇಪ್ಪತ್ತು ಹೆಂಗಸರನ್ನು ಕರೆತರಬೇಕು. ನಮ್ಮ ಮೇಲ್ವಿಚಾರಕರು ಆ ಕಾಗದವನ್ನು ಓದುವಾಗ ಒಂದು ಪದ ಬಂದ ಕಡೆಯಲ್ಲೆಲ್ಲ ಕೆಮ್ಮಿದರು. "ಊರಲ್ಲಿ ಆ ಪದ ಬಳಸಬೇಡಿ, ಮಹಿಳಾ ಆರೋಗ್ಯ ಶಿಬಿರ ಅಂತ ಅನೌನ್ಸ್ ಮಾಡಿಸಿ" ಎಂದರು. ನನಗೆ ಆಗಲೇ ರೇಗಿತು. ಅದೇ ಊರಿನ ಹಾಲಿನ ಡೈರಿಯ ಮುಂದೆ ದಿನಾ ಬೆಳಿಗ್ಗೆ ಗಂಡಸರು ನಿಂತು ಹಸುವಿನ ಕೆಚ್ಚಲಿನ ವಿಷಯ ಮಾತಾಡುತ್ತಿದ್ದರು. ಕೆಚ್ಚಲಲ್ಲಿ ಗಂಟಾಗಿದೆ, ಬಾವು ಬಂದಿದೆ, ಒಂದು ಮೊಲೆಯಲ್ಲಿ ಹಾಲು ಇಳೀತಿಲ್ಲ ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡಿ, ಮಧ್ಯಾಹ್ನದೊಳಗೆ ಪಶುವೈದ್ಯರನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಹೆಂಡತಿಯ ಮೈಯಲ್ಲಿ ಅದೇ ಗಂಟಾದರೆ ಮಾತ್ರ ಬಾಯಿಗೆ ಬೀಗ.

ಇಪ್ಪತ್ತು ಹೆಂಗಸರ ಪಟ್ಟಿ ಮಾಡಲು ನನ್ನ ಬಳಿ ಇದ್ದದ್ದು ಆ ಒಂದೇ ರಿಜಿಸ್ಟರು. ಅದನ್ನೇ ತೆಗೆದು, ಕೆಂಪು ಗೆರೆ ಇಲ್ಲದ ಹೆಸರುಗಳನ್ನು ಮೇಲಿನಿಂದ ಕೆಳಗೆ ಇಳಿಸಿಕೊಂಡೆ. ಇಪ್ಪತ್ತೆರಡು ವರ್ಷದವಳು, ಇಪ್ಪತ್ತಾರು ವರ್ಷದವಳು, ಆಗ ತಾನೇ ಬಾಣಂತನ ಮುಗಿಸಿದವಳು. ಸ್ತನದ ಕ್ಯಾನ್ಸರ್ ವಯಸ್ಸು ಏರಿದಷ್ಟೂ ಹೆಚ್ಚು ಎಂದು ನಾನು ತರಬೇತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೂ ಮಕ್ಕಳು ಹೆರುವವರನ್ನು ಮಾತ್ರ ಎಣಿಸುವ ಪುಸ್ತಕದಿಂದ ಹೆಸರು ತೆಗೆದೆ. ಯಾರೂ ತಪ್ಪು ಎನ್ನಲಿಲ್ಲ. ಮೇಲ್ವಿಚಾರಕರು ಸಹಿ ಹಾಕಿದರು.

ಶಿಬಿರದ ದಿನ ಡೈರಿಯ ಪಕ್ಕ ಮೆಟಡೋರ್ ವ್ಯಾನು ಬಂದು ನಿಂತಿತು. ಇಪ್ಪತ್ತು ಜನರಲ್ಲಿ ಬಂದವರು ಹನ್ನೊಂದು. ಉಳಿದವರಲ್ಲಿ ಕೆಲವರು ಆಪರೇಷನ್ ಎಂದು ಹೆದರಿ ಬೆಳಿಗ್ಗೆಯೇ ಗದ್ದೆಗೆ ಹೋಗಿಬಿಟ್ಟಿದ್ದರು, ಕೆಲವರನ್ನು ಗಂಡಂದಿರು ಬಿಟ್ಟಿರಲಿಲ್ಲ. ವ್ಯಾನಿನಲ್ಲಿ ಅರ್ಧ ಸೀಟು ಖಾಲಿ. ನಾನು ಕೈಗಡಿಯಾರ ನೋಡುತ್ತ ನಿಂತಿದ್ದಾಗ ಅಕ್ಕ ಬಂದಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಮೇಲಿನ ಬೀದಿಯ ಹೆಂಗಸು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಆದ್ದರಿಂದ ಅಕ್ಕ ಎನ್ನುತ್ತಿದ್ದೆ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಬದನವಾಳಿನ ಖಾದಿ ಕೇಂದ್ರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ನೂಲು ತೆಗೆದು, ಒಬ್ಬನೇ ಮಗನನ್ನು ಸಾಕಿ, ಅವನು ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವ ತನಕ ಯಾರ ಮನೆಯ ಬಾಗಿಲಿಗೂ ಹೋಗದೆ ಬದುಕಿದವಳು. ಅಂಥವಳ ಮೇಲೆ ಆ ವರ್ಷ ಊರಿನ ಬಾಯಿ ಬಿದ್ದಿತ್ತು. ಕಾರಣ ಮಲ್ಲಿಗೆ. ಅವಳು ಬಸ್ ಸ್ಟ್ಯಾಂಡಿನ ಹೂವಿನವಳ ಹತ್ತಿರ ಎರಡು ದಿನಕ್ಕೊಮ್ಮೆ ಒಂದು ಮೊಳ ಮಲ್ಲಿಗೆ ಕೊಳ್ಳುತ್ತಿದ್ದಳು. ದೇವರಿಗೆ ಎನ್ನುತ್ತಿದ್ದಳು. ದೇವರ ಪಟದ ಮೇಲೆ ಹೂವಿರಲಿಲ್ಲ, ಮುಡಿಯಲ್ಲಂತೂ ಇರುವ ಹಾಗಿಲ್ಲ, ಆದರೆ ಅವಳು ಪಕ್ಕದಲ್ಲಿ ಹಾದುಹೋದರೆ ಘಮ್ ಎನ್ನುತ್ತಿತ್ತು. ಗಂಡ ಸತ್ತವಳ ಮೈಯಲ್ಲಿ ಮಲ್ಲಿಗೆಯ ವಾಸನೆ ಎಂದರೆ ಇನ್ನೇನು ಬೇಕು ಊರಿಗೆ? ಯಾರವನು, ಬದನವಾಳಿನವನೋ ನಂಜನಗೂಡಿನವನೋ ಎಂದು ನಲ್ಲಿಯ ಹತ್ತಿರ ದಿನಾ ವಿಚಾರಣೆ ನಡೆಯುತ್ತಿತ್ತು. ನಾನು ಓದಿದವಳು, ನರ್ಸಿನ ಬಿಳಿ ಸೀರೆಯವಳು. ಆ ಮಾತಿಗೆ ನಾನೇನೂ ಸೇರಿಸಲಿಲ್ಲ, ಆದರೆ ಬಿಟ್ಟು ಎದ್ದೂ ಹೋಗಲಿಲ್ಲ. ಮನಸ್ಸಿನಲ್ಲಿ ನಂಬಿಯೂ ಇದ್ದೆ.

ಅಕ್ಕ ಬುತ್ತಿಯ ಚೀಲ ಹಿಡಿದುಕೊಂಡು ವ್ಯಾನಿನ ಬಾಗಿಲ ಹತ್ತಿರ ಬಂದು, ಮೆತ್ತಗೆ, "ನಾನೂ ಬರ್ಲಾ ಸಿಸ್ಟ್ರೇ?" ಎಂದಳು.

ಒಳಗೆ ಕೂತಿದ್ದ ಒಬ್ಬಳು, ಬಾಯಿ ಜೋರಿನವಳು, ಕಿಟಕಿಯಿಂದ ತಲೆ ಹಾಕಿದಳು. "ಕ್ಯಾಂಪ್ಗೆ ನೀನ್ಯಾಕಕ್ಕ? ನಿಂಗೇನ್ ಬಂದದೆ ಅಂತ ಆಪ್ರೇಸನ್ನು?"

ವ್ಯಾನಿನ ತುಂಬ ನಗು. ಡೈರಿಯ ಮುಂದೆ ನಿಂತಿದ್ದ ಗಂಡಸರೂ ತಿರುಗಿ ನೋಡಿ ನಕ್ಕರು. ನನಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ. ಇವಳನ್ನು ಹತ್ತಿಸಿಕೊಂಡರೆ, ಸಿಸ್ಟರ್ ವಿಧವೆಯನ್ನು ಗುಟ್ಟಾಗಿ ಕ್ಯಾಂಪಿಗೆ ಕರೆದುಕೊಂಡು ಹೋಗಿ ಬಸಿರು ತೆಗೆಸಿಕೊಂಡು ಬಂದಳು ಎಂದು ನಾಳೆ ನನ್ನ ಮೇಲೆ ಬರುತ್ತದೆ. ಕೈಯಲ್ಲಿದ್ದ ಕಾಗದ ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ.

"ನಿಮ್ಮ ಹೆಸರು ಪಟ್ಟೀಲಿ ಇಲ್ಲ ಅಕ್ಕ" ಎಂದೆ.

"ಸರಿ ಬುಡಿ" ಎಂದಳು. ಬದನವಾಳಿನ ಬಸ್ಸಿಗೆ ಹೊರಟುಹೋದಳು. ಒಂಬತ್ತು ಸೀಟು ಖಾಲಿ ಇದ್ದ ವ್ಯಾನಿನಲ್ಲಿ ನಾವು ನಂಜನಗೂಡಿಗೆ ಹೋದೆವು. ಹನ್ನೊಂದು ಜನರಲ್ಲಿ ಯಾರಿಗೂ ಏನೂ ಇರಲಿಲ್ಲ. ಉಪ್ಪಿಟ್ಟು ತಿಂದು ವಾಪಸ್ಸು ಬಂದೆವು.

ಅದಾಗಿ ಹತ್ತು ತಿಂಗಳ ಮೇಲೆ, ಒಂದು ಗುರುವಾರ, ಉಪಕೇಂದ್ರದಲ್ಲಿ ಮಕ್ಕಳಿಗೆ ಚುಚ್ಚುಮದ್ದಿನ ದಿನ. ಅಕ್ಕ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು. ಸೂಜಿ ಕಂಡು ಮಗು ಅರಚಿತು, ಅಜ್ಜಿಯ ಸೆರಗು, ರವಿಕೆ ಎಲ್ಲ ಹಿಡಿದು ಜಗ್ಗಿತು. ನನ್ನ ಮೇಜಿನ ಮೇಲೆ, ಹತ್ತಿಯ ಡಬ್ಬಿಯ ಪಕ್ಕ, ನಾಲ್ಕಾರು ಮಲ್ಲಿಗೆ ಮೊಗ್ಗು ಉದುರಿದವು. ಕಂದಿ ಕಂದು ಬಣ್ಣಕ್ಕೆ ತಿರುಗಿದ್ದವು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡರು. ನನಗೂ ಅಸಹ್ಯವಾಯಿತು. ಹೂವನ್ನು ಬೆರಳ ತುದಿಯಲ್ಲಿ ತಳ್ಳಿ, "ಏನಕ್ಕ ಇದು, ಎಲ್ಲಿಟ್ಕೊಂಡಿದೀರಿ ಹೂವ?" ಎಂದು ಎಲ್ಲರ ಮುಂದೆಯೇ ಕೇಳಿದೆ.

ಅವಳು ಸಿಟ್ಟಾಗಲಿಲ್ಲ. ಮಗುವನ್ನು ಪಕ್ಕದವಳ ಕೈಗೆ ಕೊಟ್ಟು, ಹಿಂದಿನ ಕೋಣೆಗೆ ತಾನೇ ನಡೆದಳು. ನಾನು ಹಿಂದೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅವಳು ಗೋಡೆಗೆ ಮುಖ ಮಾಡಿ ರವಿಕೆಯ ಗುಂಡಿ ಬಿಚ್ಚಿದಳು. ಎದೆಗೆ ಅಡ್ಡಲಾಗಿ ಹಳೆಯ ಖಾದಿ ಬಟ್ಟೆಯ ಪಟ್ಟಿ ಬಿಗಿದಿದ್ದಳು. ಅದನ್ನು ಸಡಿಲಿಸಿದರೆ ಒಳಗೆ ಮಲ್ಲಿಗೆಯ ದಂಡೆ, ಸುತ್ತಿ ಸುತ್ತಿ ಒತ್ತಿಟ್ಟದ್ದು. ದಂಡೆ ತೆಗೆದರೆ ಗಂಟು. ಹೊರಗಿನಿಂದಲೇ ಕಾಣುವಷ್ಟು ಬೆಳೆದು, ಮೇಲಿನ ಚರ್ಮವನ್ನು ಒಳಕ್ಕೆ ಎಳೆದುಕೊಂಡಿತ್ತು.

"ಕೂಸು ತೀರೋದ್ರೆ, ಆಲು ಬತ್ಲಿ ಅಂತ ಮಲ್ಲಿಗೆ ಕಟ್ಟಕಿಲ್ವಾ ಸಿಸ್ಟ್ರೇ?" ಎಂದಳು, ನನಗೇ ತಿಳಿಹೇಳುವ ಹಾಗೆ. "ನಮ್ಮವ್ವ ಕಟ್ಟಿದ್ಲು ನಂಗೆ ಒಂದ್ಸಲ. ಮೂರ್ ದಿನ್ದಲ್ಲಿ ಬತ್ತೋಗಿತ್ತು. ಈ ಗಂಟೂ ಅಂಗೇ ಬತ್ತೋಯ್ತದೆ ಅನ್ಕಂಡೆ."

ಬಾಣಂತಿಯ ಹಾಲು ಬತ್ತಿಸಲು ಮಲ್ಲಿಗೆ ಕಟ್ಟುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ತಾಯಿಗೂ ಗೊತ್ತಿತ್ತು, ಆ ಹೂವಿನವಳಿಗೂ ಗೊತ್ತಿತ್ತು, ನಲ್ಲಿಯ ಹತ್ತಿರ ವಿಚಾರಣೆ ನಡೆಸಿದ ಒಬ್ಬೊಬ್ಬಳಿಗೂ ಗೊತ್ತಿತ್ತು. ಒಂದು ವರ್ಷ ಆ ವಾಸನೆ ಮೂಗಿಗೆ ಬಡಿಯುತ್ತಿದ್ದರೂ, ಇದೇನು ಔಷಧಿಯೇ ಎಂದು ಕೇಳಬೇಕೆಂದು ಒಬ್ಬಳಿಗೂ ತೋಚಲಿಲ್ಲ. ಹೆಣ್ಣಿನ ಮೈಯಲ್ಲಿ ಕಾಯಿಲೆ ಇರಬಹುದು ಎಂಬುದಕ್ಕಿಂತ ಮೊದಲು ನಮಗೆಲ್ಲ ಹೊಳೆದದ್ದು ಗಂಡಸು.

"ಯಾವಾಗಿಂದ?" ಎಂದೆ.

"ವರ್ಸ ದಾಟ್ತು. ಆವತ್ತು ವ್ಯಾನ್ ತಾವ್ಕೆ ಬಂದಿದ್ನಲ್ಲ, ಆಗ ಉಣಿಸೇಬೀಜ್ದಷ್ಟಿತ್ತು. ನೋವೂ ಇಲ್ಲ, ಏನೂ ಇಲ್ಲ. ನೋವಿದ್ರೆ ಯಾರ್ಗಾದ್ರೂ ಏಳ್ಬೋದಿತ್ತು."

ಮರುದಿನವೇ ಮೈಸೂರಿಗೆ ಹೊರಡಿಸಿದೆ. ಅವಳ ಮೈದುನ ಜಗಲಿಯ ಮೇಲೆ ಕೂತು ಅಡ್ಡ ಬಂದ. "ಈ ವಯಸ್ನಲ್ಲಿ ಅದ್ನ ಕುಯ್ಸಿ ಏನಾಗ್ಬೇಕಾಗದೆ? ಅಳ್ಳೆಣ್ಣೆ ಬಿಸಿ ಮಾಡ್ ಕಟ್ಲಿ ಬುಡಿ" ಎಂದ. ಹಿಂದಿನ ವಾರವಷ್ಟೇ ಅವನು ತನ್ನ ಹಸುವಿನ ಕೆಚ್ಚಲಿಗೆಂದು ಎರಡು ಸಲ ನಂಜನಗೂಡಿಗೆ ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅದನ್ನು ಅವನ ಮುಖಕ್ಕೇ ಹೇಳಿದೆ. ಕೆಲಸಕ್ಕೆ ಸೇರಿದ ಮೇಲೆ ಊರಿನ ಗಂಡಸಿನ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವನು ಎದ್ದು ಒಳಗೆ ಹೋದ. ಮಗ ರಜೆ ಹಾಕಿ ಜೊತೆಗೆ ಬಂದ. ಪಾಪ, ತಾಯಿಗೆ ಎಲ್ಲಿ ಏನಾಗಿದೆ ಎಂದು ಕೇಳಲು ಅವನಿಗೆ ನಾಚಿಕೆ. ಆಸ್ಪತ್ರೆಯ ಕಾಗದಕ್ಕೆ ಓದದೆಯೇ ಸಹಿ ಹಾಕಿ, ವರಾಂಡದ ಕೊನೆಯಲ್ಲಿ ನಿಂತುಬಿಟ್ಟ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಕಂಕುಳನ್ನೂ ಮುಟ್ಟಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. ಕಂಕುಳಿಗೂ ಹಬ್ಬಿದೆ ಎಂದರು. ಆಪರೇಷನ್ ಮಾಡೋಣ, ಆಮೇಲೆ ಔಷಧಿ ಕೊಡೋಣ, ಆದರೆ ತಡವಾಗಿದೆ ಎಂದರು. "ನೀವು ಆರೋಗ್ಯ ಇಲಾಖೆಯವರಲ್ವಾ? ಹೋದ ವರ್ಷ ನಂಜನಗೂಡಿನಲ್ಲಿ ಶಿಬಿರ ಆಯ್ತಲ್ಲ, ಅಲ್ಲಿಗಾದರೂ ಯಾಕೆ ಕರೆತರಲಿಲ್ಲ?" ಎಂದು ಕೇಳಿದರು.

ತಿಂಗಳ ಮೀಟಿಂಗಿನಲ್ಲಿ ನಾನೇ ಎದ್ದು ನಿಂತು ಕೇಳಿದೆ. ಈ ಪರೀಕ್ಷೆಗೆ ದಂಪತಿಗಳ ರಿಜಿಸ್ಟರು ಯಾಕೆ, ವಿಧವೆಯರಿಗೆ, ಮುಟ್ಟು ನಿಂತವರಿಗೆ, ಮದುವೆಯೇ ಆಗದವರಿಗೆ ಎದೆ ಇಲ್ಲವೇ ಎಂದೆ. ಸಭೆಯಲ್ಲಿ ಆ ಮಾತು ಕೇಳಿ ಕೆಲವರು ಫೈಲಿನೊಳಗೆ ಮುಖ ಇಟ್ಟರು. ಕೂತಿದ್ದ ಅಧಿಕಾರಿ, "ಅವರು ನಮ್ಮ ಟಾರ್ಗೆಟ್ ಗುಂಪಲ್ಲಮ್ಮ, ಕೂತ್ಕೊಳ್ಳಿ" ಎಂದರು. ನಾನು ಕೂರಲಿಲ್ಲ. ಬಾಯಿಗೆ ಬಂದದ್ದನ್ನು ಅಂದೆ. ಅದಕ್ಕಾಗಿ ನನಗೆ ಒಂದು ಮೆಮೋ ಬಂತು, ಅದಕ್ಕೆ ಉತ್ತರವನ್ನೂ ಬರೆದೆ. ಈ ಜಗಳವನ್ನೆಲ್ಲ ಒಂದು ವರ್ಷ ಮೊದಲು ಮಾಡಿದ್ದರೆ ಯಾರಿಗಾದರೂ ಉಪಯೋಗವಾಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ನನ್ನ ಸಿಟ್ಟಿನಲ್ಲಿ ಅರ್ಧ ಅದೇ.

ಅಕ್ಕನಿಗೆ ಆಪರೇಷನ್ ಆಯಿತು. ಒಂದು ಕಡೆ ಪೂರ್ತಿ ತೆಗೆದರು. ಕೂದಲು ಉದುರಿತು, ಆಮೇಲೆ ಬೆಳ್ಳಗೆ ಚಿಗುರಿತು. ನೂಲುವ ಕೈ ಮೇಲೆತ್ತಲು ಬಾರದೆ, ಬದನವಾಳಿನ ಕೆಲಸ ನಿಂತಿತು. ಊರಿನವರು ಮನೆಗೆ ಬಂದು ಹಾರ್ಲಿಕ್ಸ್ ಕೊಟ್ಟು, ಮುಖ ಸಪ್ಪಗೆ ಮಾಡಿಕೊಂಡು ಹೋದರು. ಮಲ್ಲಿಗೆಯ ಬಗ್ಗೆ ಆಡಿದ ಮಾತಿಗೆ ಒಬ್ಬರೂ ತಪ್ಪಾಯಿತು ಎನ್ನಲಿಲ್ಲ.

ಮುಂದಿನ ಶಿಬಿರ ಟಿ. ನರಸೀಪುರದಲ್ಲಿ ಎಂದು ಕಾಗದ ಬಂದಾಗ ನಾನು ಆ ರಿಜಿಸ್ಟರನ್ನು ಬೀರುವಿನಿಂದ ತೆಗೆಯಲೇ ಇಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ಮೇಲಿನ ಬೀದಿಯಿಂದ ಹಿಡಿದು ಮನೆಮನೆ ಹತ್ತಿ ಇಳಿದೆ. ಮೂವತ್ತೈದು ದಾಟಿದ ಪ್ರತಿ ಹೆಂಗಸಿನ ಹೆಸರು ಬರೆದೆ. ಗಂಡ ಇದ್ದಾನೋ ಇಲ್ಲವೋ ಕೇಳಲಿಲ್ಲ. ಸ್ತನ ಪರೀಕ್ಷೆ ಎಂದೇ ಹೇಳಿದೆ, ಕೆಮ್ಮಲಿಲ್ಲ. ಹೆಂಗಸರು ಮಾತ್ರ ಹಳೆಯ ರಾಗವನ್ನೇ ಹಾಡಿದರು. ನಮಗೇನಾಗಿದೆ, ನೋವಿಲ್ಲ, ಕೆಲಸ ಇದೆ, ಮನೆಯಲ್ಲಿ ಬೈತಾರೆ. ಮೂರು ದಿನ ಸುತ್ತಿದರೂ ಬರುತ್ತೇನೆಂದವರು ನಾಲ್ಕು ಜನ. ನಾಲ್ಕನೆಯ ದಿನ ಅಕ್ಕ, "ನಾನೂ ಬತ್ತೀನಿ ನಡೀರಿ" ಎಂದು ಚಪ್ಪಲಿ ಮೆಟ್ಟಿದಳು.

ವ್ಯಾನಿನಿಂದ ತಲೆ ಹಾಕಿ ನಕ್ಕಿದ್ದವಳಿದ್ದಳಲ್ಲ, ಆ ಬಾಯಿ ಜೋರಿನವಳ ಮನೆಗೆ ಮೊದಲು ಹೋದಳು. ಅವಳ ಅತ್ತೆ, ಓರಗಿತ್ತಿ, ಪಕ್ಕದ ಮನೆಯ ಇಬ್ಬರು ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ನೋಟ್‌ಬುಕ್ ತೆಗೆದು ಶುರು ಮಾಡಿದೆ. "ನಂಗೇನ್ ನೋವಾ ನುಲಿಯಾ ಸಿಸ್ಟ್ರೇ, ನಂಗ್ಯಾಕೆ?" ಎಂದಳು ಅವಳು.

ಅಕ್ಕ ಹಿತ್ತಲ ಬಾಗಿಲು ಹಾಕಿ ಬಂದು, ಅವರ ನಡುವೆ ನಿಂತು, ಸೆರಗು ತೆಗೆದು, ರವಿಕೆ ಬಿಚ್ಚಿದಳು. ಒಂದು ಕಡೆ ಎದೆ, ಇನ್ನೊಂದು ಕಡೆ ಕಂಕುಳವರೆಗೆ ಹೊಲಿಗೆಯ ಗೆರೆ.

"ನಂಗೂ ನೋವಿರ್ನಿಲ್ಲ" ಎಂದಳು. "ನೋಡ್ರವ್ವ, ಚಂದಾಗಿ ನೋಡಿ. ಒಂದ್ ವರ್ಸ ಮಿಂಡನ್ನ ಮಡಿಕಂಡವ್ಳೆ ಅಂದ್ರಲ್ಲ, ಇಲ್ಲೇ ಇದ್ದ. ಕುಯ್ದು ತೆಗೆದ್ರು."

ಅವರೆಕಾಯಿ ಮಡಿಲಲ್ಲೇ ಇತ್ತು. ಆ ಜೋರಿನವಳು ಅಕ್ಕನ ಕಾಲ ಹತ್ತಿರ ಕುಸಿದು ಅತ್ತಳು. ಅಕ್ಕ ಅವಳನ್ನು ಎಬ್ಬಿಸಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಗುಂಡಿ ಹಾಕಿಕೊಂಡು, "ಇವ್ಳೆಸ್ರು ಬರ್ಕಳಿ ಸಿಸ್ಟ್ರೇ, ಅವ್ರತ್ತೇದೂ ಬರ್ಕಳಿ" ಎಂದಳು. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ ಅದನ್ನು ಬರೆಯಲು ಈಗ ಸ್ವಲ್ಪ ನಾಚಿಕೆಯಾಗುತ್ತದೆ. ಅದೇ ಸಂಜೆಯೊಳಗೆ ಅವಳು ಹನ್ನೆರಡು ಮನೆಗಳಲ್ಲಿ ಹಾಗೆ ನಿಂತಳು.

ಟಿ. ನರಸೀಪುರಕ್ಕೆ ವ್ಯಾನು ಎರಡು ಟ್ರಿಪ್ ಹೊಡೆಯಬೇಕಾಯಿತು. ಮುದುಕಿಯರು, ವಿಧವೆಯರು, ಗಂಡ ಬಿಟ್ಟವರು, ಒಬ್ಬಳು ಮದುವೆಯಾಗದ ಅಂಗನವಾಡಿ ಟೀಚರು, ಎಲ್ಲರೂ ಹೋದರು. ಆ ಜೋರಿನವಳ ಓರಗಿತ್ತಿಗೆ ಒಂದು ಸಣ್ಣ ಗಂಟು ಸಿಕ್ಕಿತು, ಬಟಾಣಿಯಷ್ಟು. ಹಬ್ಬಿರಲಿಲ್ಲ. ತೆಗೆಸಿದರು, ಚಿಕಿತ್ಸೆ ಕೊಡಿಸಿದರು. ಅವಳು ಇವತ್ತಿಗೂ ಬದುಕಿದ್ದಾಳೆ, ನೀರಿನ ಸಾಲಿನಲ್ಲಿ ಎಲ್ಲರ ಜೊತೆ ಜಗಳ ಕಾಯುತ್ತಾಳೆ. ನನಗೆ ಇವತ್ತಿಗೂ ತಲೆ ಕೆಡುವುದು ಇದಕ್ಕೇ. ಮಾಡಿದ್ದು ಎಷ್ಟು ಸುಲಭದ ಕೆಲಸ! ಒಂದು ನೋಟ್‌ಬುಕ್ಕು, ಒಂದು ವ್ಯಾನು, ನಾಚಿಕೆ ಬಿಟ್ಟು ಒಂದು ಮಾತು. ಇಷ್ಟಕ್ಕೆ ಒಬ್ಬಳು ತನ್ನ ಎದೆ ಬಿಚ್ಚಿ ಊರಿಗೆಲ್ಲ ತೋರಿಸಬೇಕಾಯಿತು.

ಮರು ವರ್ಷದ ಬೇಸಿಗೆಯಲ್ಲಿ ಅಕ್ಕನ ರೋಗ ಬೆನ್ನುಮೂಳೆಗೆ ಇಳಿಯಿತು. ಮೈಸೂರಿನವರು ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ನಾನು ದಿನಾ ಮಧ್ಯಾಹ್ನ ಹೋಗಿ ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ಮಾತ್ರೆ ನುಂಗಿಸಿ ಬರುತ್ತಿದ್ದೆ. ಅವಳು ಒಂದು ದಿನವೂ ಹಳೆಯ ಮಾತು ಎತ್ತಿರಲಿಲ್ಲ. ಎತ್ತುತ್ತಾಳೆಂಬ ಹೆದರಿಕೆಯಲ್ಲೇ ನಾನು ಹೋಗುತ್ತಿದ್ದೆ. ಒಂದು ಮಧ್ಯಾಹ್ನ, ಪಕ್ಕಕ್ಕೆ ಹೊರಳಿಸುತ್ತಿದ್ದಾಗ, ಗೋಡೆಯ ಕಡೆ ಮುಖ ಇದ್ದ ಹಾಗೆಯೇ ಕೇಳಿದಳು.

"ಆವತ್ತು ವ್ಯಾನ್ ಅತ್ತಿದ್ರೆ ನಾನು ಉಳ್ಕೋತಿದ್ನಾ ಸಿಸ್ಟ್ರೇ?"

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಹಣೆಬರಹ ಎನ್ನಬಹುದಿತ್ತು, ಹೇಳಿದ್ದರೆ ಅವಳು ನಂಬುತ್ತಿದ್ದಳು. ಊರಿಗೆಲ್ಲ ಮೈ ಬಿಚ್ಚಿ ತೋರಿಸಿದವಳಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಉಳ್ಕೋತಿದ್ರಿ ಅಕ್ಕ" ಎಂದೆ. "ಉಣಿಸೇಬೀಜದಷ್ಟಿದ್ದಾಗ ಬಂದಿದ್ರೆ, ಬಹುಶಃ ಉಳ್ಕೋತಿದ್ರಿ. ಸೀಟೂ ಇತ್ತು. ನಾನು ಹತ್ತಿಸ್ಕೊಳ್ಳಲಿಲ್ಲ."

ಬೈಯಲಿ ಎಂದು ಕಾದೆ. ಉಗಿಯಲಿ, ಮನೆಯಿಂದಾಚೆ ನಡಿ ಎನ್ನಲಿ ಎಂದು ಕಾದೆ. ಕೊನೆಗೆ ಅವಳು ಸೊಸೆಯನ್ನು ಕರೆದು, "ಸಿಸ್ಟ್ರಿಗೆ ಒಂದ್ಲೋಟ ಕಾಪಿ ಕಾಸವ್ವ, ಬಿಸ್ಲಲ್ಲಿ ಬಂದವ್ರೆ" ಎಂದಳು.

ಸೊಸೆ ಕಾಫಿ ತಂದು ಕೊಟ್ಟಳು. ಅಕ್ಕನ ಮಗ್ಗುಲಲ್ಲೇ ಕೂತು, ಅಷ್ಟನ್ನೂ ಕುಡಿದೆ.